ಮಂಡಿಯವರು ಜಗಳ ಬಿಟ್ಟ ಬೆಳಗು

ನಮ್ಮ ಬಾಲ್ ಬ್ಯಾಡ್ಮಿಂಟನ್ ಅಂಕಣ ಚಿತ್ರದುರ್ಗದ ಒಂದು ಶಾಲೆಯ ಹಿಂದೆ ಇದೆ. ಕೆಂಪು ಮಣ್ಣಿನ ನೆಲ, ಎರಡು ಕಬ್ಬಿಣದ ಕಂಬ, ಹರಿದಲ್ಲೆಲ್ಲ ನೈಲಾನ್ ದಾರ ಹಾಕಿ ಕಟ್ಟಿದ ನೆಟ್. ಬಂಡೆಗಳ ಹಿಂದಿನಿಂದ ಬಿಸಿಲು ಬರುವ ಮೊದಲು ಆಟ ಶುರುವಾಗುತ್ತದೆ, ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿ ಜೋರಾಗುವಷ್ಟರಲ್ಲಿ ಮುಗಿಯುತ್ತದೆ. ಈ ಆಟ ನೋಡದವರಿಗೆ ಇಷ್ಟು ಹೇಳಿದರೆ ಸಾಕು: ಒಂದೊಂದು ಕಡೆಗೆ ಐದು ಜನ, ಚೆಂಡು ಹಳದಿ ಉಣ್ಣೆಯದು, ನೆಲ ಮುಟ್ಟಿದರೆ ಪಾಯಿಂಟ್ ಹೋಯಿತು. ಸುತ್ತಲಿನ ಗೆರೆಗಳನ್ನು ಸುಣ್ಣದ ಪುಡಿಯಲ್ಲಿ ಎಳೆಯುತ್ತೇವೆ. ಅಂಪೈರ್ ಇಲ್ಲ.

ಅಂಪೈರ್ ಇಲ್ಲದ ಆಟದಲ್ಲಿ ಮನುಷ್ಯರು ಇದ್ದ ಹಾಗೆ ಕಾಣುತ್ತಾರೆ. ನಮ್ಮಲ್ಲಿ ಒಬ್ಬರಿದ್ದಾರೆ, ಎಲ್ಲರಿಗಿಂತ ತಡವಾಗಿ ಬಂದು, ಕಾರಿನ ಬಾಗಿಲು ಹಾಕುತ್ತಲೇ "ನಾನು ಯಾವ ಕಡೆ?" ಅಂತ ಕೇಳುತ್ತಾರೆ. ಚೆಂಡು ನಡುವೆ ಬಿದ್ದ ಮೇಲೆ "ನಿಂದು, ನಿಂದು" ಅನ್ನುವ ಬ್ಯಾಂಕಿನವರಿದ್ದಾರೆ. ತಾವು ಚೆಂಡು ಬಿಟ್ಟಾಗಲೆಲ್ಲ ಬ್ಯಾಟಿನದೇ ತಪ್ಪೆಂಬಂತೆ ಅದರ ತಂತಿಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡುವವರು ಇನ್ನೊಬ್ಬರು. ಭರಮಸಾಗರದಿಂದ ಬೈಕಿನಲ್ಲಿ ಬರುವ ಒಬ್ಬ ಹುಡುಗನಿಗೆ ಐದೂ ಜನರ ಜಾಗ ತನ್ನದೇ. ಹಿಂದಿನವರ ಚೆಂಡಿಗೆ ಮುಂದಿನಿಂದ ಓಡಿಬಂದು ಅವರ ಮೊಣಕೈಗೆ ಹೊಡೆಯುತ್ತಾನೆ. ನಾನು ಕೂಡ ಇವರಲ್ಲೇ ಒಬ್ಬ. ಜಗಳ ಶುರುವಾದರೆ ನೀರು ಕುಡಿಯಲು ಹೋಗುವವನು ಅಂತ ನನ್ನನ್ನು ಆಡಿಕೊಳ್ಳುತ್ತಾರೆ.

ಇವರೆಲ್ಲರಿಗಿಂತ ನಮ್ಮ ಹೊತ್ತನ್ನು ಹೆಚ್ಚು ತಿಂದವರು ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರು. ಅಂಗಡಿಯವರು ಅನ್ನುತ್ತೇನೆ. ಚೆಂಡು ಗೆರೆಯ ಹತ್ತಿರ ಬಿದ್ದರೆ ಸಾಕು, ಆಟ ನಿಂತಿತು. ಅವರು ಓಡಿಹೋಗಿ ಚೆಂಡನ್ನು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಉಣ್ಣೆಯ ಎಳೆಗಳ ನಡುವೆ ಸುಣ್ಣ ಹುಡುಕುತ್ತಾರೆ. ಸುಣ್ಣ ಹತ್ತಿದ್ದರೆ ಚೆಂಡು ಒಳಗೆ ಬಿದ್ದಿದೆ. ಇಲ್ಲದಿದ್ದರೆ ಹೊರಗೆ. ನ್ಯಾಯ ಸರಿಯೇ. ಆದರೆ ಬೆಳಿಗ್ಗೆಯಿಂದ ಹತ್ತು ಸಲ ಗೆರೆ ಮುಟ್ಟಿದ ಚೆಂಡಿನಲ್ಲಿ ಯಾವ ಸುಣ್ಣ ಯಾವ ಸಲದ್ದು?

ಅವರಿಗೆ ಸರಿಸಮನಾಗಿ ನಿಲ್ಲುತ್ತಿದ್ದವರು ಒಬ್ಬರೇ. ಎಪಿಎಂಸಿ ಮಂಡಿಯಲ್ಲಿ ಮೆಕ್ಕೆಜೋಳ, ಈರುಳ್ಳಿಯ ಹರಾಜು ಕೂಗುವವರು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಮಂಡಿಯವರ ಗಂಟಲು ದೊಡ್ಡದು, ಅದರಿಂದಲೇ ಅವರ ಮನೆ ನಡೆಯುತ್ತಿತ್ತು. ಇಬ್ಬರನ್ನೂ ಒಂದೇ ಕಡೆಗೆ ಹಾಕಿದ್ದು ನನಗೆ ನೆನಪಿಲ್ಲ.

"ನೋಡ್ಲೇ ಇಲ್ಲಿ, ಸುಣ್ಣ ಐತೆ" ಅಂತ ಅಂಗಡಿಯವರು ಚೆಂಡು ಹಿಡಿದು ತೋರಿಸುವರು.

"ಗೆರೆ ಸುಣ್ಣ ಅಲ್ಲ ಕಣಲೇ ಅದು, ನಿನ್ನ ಎಲೆ-ಅಡಿಕೆ ಸುಣ್ಣ. ಬೆರಳು ತೊಳ್ಕಂಡು ಬಂದು ಚೆಂಡು ಮುಟ್ಟು."

"ನಾನು ಎಲೆ ಹಾಕೋದು ಬಿಟ್ಟು ಎಷ್ಟು ದಿನ ಆತು ಗೊತ್ತೇನು?"

"ಹಂಗಾರೆ ಆವತ್ತಿಂದ ಕೈ ತೊಳ್ದಿಲ್ಲ ನೀನು."

ಇದು ದಿನಾ ನಡೆಯುತ್ತಿತ್ತು. ನಮಗೆ ಸಾಕಾಗಿಹೋಗಿತ್ತು. ಕೆಲಸಕ್ಕೆ ಹೋಗುವವರು ಗಡಿಯಾರ ನೋಡಿಕೊಂಡು, "ನೀವಿಬ್ರೂ ಆಚೆ ಹೋಗಿ ಜಗಳ ಆಡ್ರಿ, ನಾವು ಆಟ ಆಡಾಣ" ಅನ್ನುತ್ತಿದ್ದೆವು.

ಆವತ್ತು ನಾನು ಮಂಡಿಯವರ ಪಕ್ಕದಲ್ಲಿ, ಹಿಂದಿನ ಎಡಮೂಲೆಯಲ್ಲಿ ನಿಂತಿದ್ದೆ. ಚೆಂಡು ಅವರ ಕಾಲ ಬಳಿ ಗೆರೆಯ ಮೇಲೋ ಆಚೆಯೋ ಬಿತ್ತು. ಎಂದಿನಂತೆ ಅಂಗಡಿಯವರು ನೆಟ್ಟಿನ ಕೆಳಗೆ ನುಸುಳಿ ಬಂದು ಚೆಂಡು ಎತ್ತಿದರು. "ಸುಣ್ಣ ಐತೆ ನೋಡು" ಅಂದರು.

ಮಂಡಿಯವರು ಚೆಂಡನ್ನು ನೋಡಿದರು. ತಲೆ ಆಡಿಸಿದರು. ತಿರುಗಿ ತಮ್ಮ ಜಾಗಕ್ಕೆ ಹೋಗಿ ನಿಂತರು. ಬ್ಯಾಟು ಕೆಳಮುಖವಾಗಿ ಕಾಲಿಗೆ ತಾಗಿಕೊಂಡಿತ್ತು.

ನಾವು ನಕ್ಕೆವು. "ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನಪ್ಪ!" ಅಂತ ಬ್ಯಾಂಕಿನವರು ಕೂಗಿದರು. ಯಾರೋ ಚಪ್ಪಾಳೆ ತಟ್ಟಿದರು. ಆಟ ಬೇಗ ಮುಂದುವರಿಯುತ್ತದೆ ಅಂತ ನನಗೂ ಖುಷಿಯಾಯಿತು. ಅವರಿಗೂ ನನಗೂ ನಡುವೆ ಎರಡು ಮಾರು ಜಾಗವೂ ಇರಲಿಲ್ಲ.

ಅಂಗಡಿಯವರು ಮಾತ್ರ ಕದಲಲಿಲ್ಲ. ಪಾಯಿಂಟ್ ಅವರಿಗೆ ಸಿಕ್ಕಿತ್ತು, ವಾಪಸ್ ಹೋಗಬಹುದಿತ್ತು. ಚೆಂಡು ಹಿಡಿದುಕೊಂಡು ಅಲ್ಲೇ ನಿಂತರು.

"ಸುಮ್ನಿರ್ರೋ" ಅಂದರು ನಮಗೆ. "ಇವನ್ಯಾಕೆ ನಂಗೆ ಬೈಲಿಲ್ಲ?"

"ನಿಮ್ಮ ನ್ಯಾಯ ಒಪ್ಕಂಡಾರೆ ಬಿಡ್ರಿ" ಅಂದರು ಯಾರೋ.

"ಇವನು ಒಪ್ಪೋ ಮಗ ಅಲ್ಲ." ಅಂಗಡಿಯವರು ಹತ್ತಿರ ಹೋಗಿ ಮುಖಕ್ಕೆ ಮುಖ ಕೊಟ್ಟು ನಿಂತರು. "ಲೇ, ಏನಾರ ಅನ್ನು. ಬೈಯೋ ನನ್ನ."

ಮಂಡಿಯವರು ಬಾಯಿ ತೆರೆದರು. ತುಟಿ ಒಂದು ಕಡೆ ಮಾತ್ರ ಎದ್ದಿತು. ಬಂದದ್ದು ಮಾತಲ್ಲ. ಆಮೇಲೆ ಬಲಗೈಯಿಂದ ಬ್ಯಾಟು ಜಾರಿತು. ಜಾರಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕೈಬೆರಳುಗಳು ಬ್ಯಾಟು ಇದ್ದ ಹಾಗೆಯೇ ಮಡಚಿಕೊಂಡಿದ್ದವು. ಆ ಬೆರಳುಗಳು ಈಗಲೂ ನನ್ನ ಕಣ್ಣ ಮುಂದೆ ಇವೆ.

ಒಬ್ಬರು ನೀರಿನ ಬಾಟಲಿ ತಂದರು. "ಕುಡಿಸ್‌ಬೇಡ್ರಿ! ನಮ್ಮಪ್ಪಂಗೂ ಹಿಂಗೇ ಆಗಿದ್ದು. ಲಕ್ವ ಇದು, ನೀರು ಗಂಟಲಿಗೆ ಸಿಕ್ಕೊಂತೈತೆ" ಅಂತ ಅಂಗಡಿಯವರು ಬಾಟಲಿ ತಳ್ಳಿದರು. ಹಿಂದೆ ನಾಟಿ ಔಷಧಿಗೆ ಅಂತ ಅವರ ತಂದೆಯನ್ನು ಮೊದಲು ಹಳ್ಳಿಯೊಂದಕ್ಕೆ ಕರೆದೊಯ್ದು, ಆಮೇಲೆ ಆಸ್ಪತ್ರೆಗೆ ತಂದಿದ್ದರಂತೆ. "ಆ ತಪ್ಪು ಬ್ಯಾಡ. ಸೀದಾ ಆಸ್ಪತ್ರೆಗೆ ಹೋಗಾಣ." ತಡವಾಗಿ ಬರುವವರ ಕಾರು ಗೇಟಿಗೆ ಅಡ್ಡ ನಿಂತಿತ್ತು. ನಾವು ನಾಲ್ಕು ಜನ ಹಿಡಿದು ಕೂರಿಸಿದೆವು. ಬೇಗ ಕರೆತಂದದ್ದು ಒಳ್ಳೆಯದಾಯಿತು ಅಂತ ಡಾಕ್ಟರು ಆಮೇಲೆ ಹೇಳಿದರು. ಎಷ್ಟು ಒಳ್ಳೆಯದಾಯಿತು ಅನ್ನುವುದನ್ನು ಹೇಳಲಿಲ್ಲ.

ಜೀವ ಉಳಿಯಿತು. ಕಾಲು ನಿಧಾನಕ್ಕೆ ಬಂತು. ಬಲಗೈ ಬರಲಿಲ್ಲ. ಮಾತು ಒಂದೇ ಒಂದು ಬಂತು: "ಹೌದು." ಊಟ ಆಯಿತಾ ಅಂದರೆ ಹೌದು. ಬೇಡವಾ ಅಂದರೂ ಹೌದು. ಬೇಡ ಅನ್ನಬೇಕಾದಲ್ಲಿ ಹೌದು ಅಂದುಬಿಟ್ಟು, ತಪ್ಪಾಯಿತೆಂದು ತಿಳಿದು, ಎಡಗೈಯಿಂದ ಮಂಚದ ಅಂಚನ್ನು ಗುದ್ದುತ್ತಿದ್ದರು. ಒಳಗೆ ಎಲ್ಲ ಮಾತೂ ಇದೆ, ಹೊರಗೆ ಬರುವ ದಾರಿ ಹಾಳಾಗಿದೆ, ಬಂದರೂ ಬರಬಹುದು ಅಂತ ಡಾಕ್ಟರು ವಿವರಿಸಿದ್ದರಂತೆ. ಅವರ ಹೆಂಡತಿ ನಮಗೆ ಹಾಗೆಂದು ಹೇಳುವಾಗ ದನಿ ತಗ್ಗಿಸಿದರು. "ಮಂಡಿ ಸಾವ್ಕಾರ್ರು ಇನ್ನೂ ಬೇರೆಯವರನ್ನ ಇಟ್ಕಂಡಿಲ್ಲ. ಕಾಯ್ತೀವಿ ಅಂದಾರೆ. ಎಷ್ಟು ದಿನ ಕಾದಾರು?"

ನೋಡಲು ಹೋದ ನಾವೆಲ್ಲ ಕಿವುಡರೊಂದಿಗೆ ಮಾತಾಡುವಂತೆ ಜೋರಾಗಿ ಮಾತಾಡಿದೆವು. ಅವರು ಏನಂದರೂ ಒಪ್ಪಿಕೊಂಡೆವು. ಅಂಗಡಿಯವರು ಆ ಮನೆಗೆ ಕಾಲಿಡಲಿಲ್ಲ. "ನಂಗೆ ಆಗಲ್ಲಪ್ಪ, ಅವನ ಬಾಯಲ್ಲಿ ಹೌದು ಕೇಳಾಕೆ" ಅಂದರು. ಕಲ್ಲುಮನಸ್ಸು ಅಂತ ನಾವು ಮಾತಾಡಿಕೊಂಡೆವು.

ಮಳೆಗಾಲ ಕಳೆದ ಮೇಲೆ ಒಂದು ದಿನ ಮಂಡಿಯವರನ್ನು ಅವರ ಹೆಂಡತಿ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಅಂಕಣಕ್ಕೆ ಕರೆತಂದರು. ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಅವರು ಕೂತ ಮೇಲೆ ಆಕೆ ನಮ್ಮನ್ನು ಒಂದು ಪಕ್ಕಕ್ಕೆ ಕರೆದರು. "ಆಟಕ್ಕೆ ಇಳಿಸ್ಬೇಡ್ರಿ ಅಣ್ಣಾ. ಸಿಟ್ಟಂತೂ ಬರಿಸಲೇಬೇಡ್ರಿ. ಬಿಪಿ ಏರಿದ್ರೆ ಇನ್ನೊಂದ್ಸಲ ಹೊಡೀತೈತೆ ಅಂದಾರೆ." ಹಾಗನ್ನುತ್ತಾ ಅಂಗಡಿಯವರ ಕಡೆಗೆ ನೋಡಿದರು. ಅವರು ನೆಲ ನೋಡಿದರು.

ಕೆಲವು ವಾರ ಹಾಗೆಯೇ ನಡೆಯಿತು. ಆಕೆ ಬೆಳಿಗ್ಗೆ ಅವರನ್ನು ಬಿಟ್ಟು ಹೋಗಿ, ಆಟ ಮುಗಿಯುವ ಹೊತ್ತಿಗೆ ಬಂದು ಕರೆದೊಯ್ಯುತ್ತಿದ್ದರು. ಅಂಗಡಿಯವರು ಯಾವ ಚೆಂಡಿಗೂ ತಕರಾರು ಮಾಡಲಿಲ್ಲ. ಆಟ ಎಂದೂ ಇಲ್ಲದಷ್ಟು ಸಲೀಸಾಗಿ ಸಾಗಿತು. ಯಾರಿಗೂ ಅದರಲ್ಲಿ ರುಚಿ ಇರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಕಡೆ ಒಬ್ಬರು ಕಡಿಮೆ ಬಿದ್ದರು. ಮಂಡಿಯವರು ಕುರ್ಚಿಯಿಂದ ತಾವೇ ಎದ್ದರು. ಎಡಗೈಯಲ್ಲಿ ಒಂದು ಬ್ಯಾಟು ತೆಗೆದುಕೊಂಡು, ಬಲಗಾಲನ್ನು ಸ್ವಲ್ಪ ಎಳೆಯುತ್ತಾ ಬಂದು ನೆಟ್ಟಿನ ಹತ್ತಿರದ ಮೂಲೆಯಲ್ಲಿ ನಿಂತರು. ಬೇಡ ಅನ್ನಲು ನಾನು ಹೋದೆ. ಅವರು ನನ್ನನ್ನು ನೋಡಿದ ರೀತಿಗೆ ಹಿಂದೆ ಬಂದೆ.

ಎಲ್ಲರೂ ಅವರಿಗೆ ಮಕ್ಕಳಿಗೆ ಹಾಕುವಂತೆ ಚೆಂಡು ಹಾಕತೊಡಗಿದರು. ಭರಮಸಾಗರದ ಹುಡುಗ ಕೂಡ, ಅವನ ಜನ್ಮದಲ್ಲಿ ಮೊದಲ ಸಲ, ಇನ್ನೊಬ್ಬರ ಚೆಂಡನ್ನು ಅವರಿಗೇ ಬಿಟ್ಟ. ಮಂಡಿಯವರಿಗೆ ಒಂದನ್ನೂ ಹೊಡೆಯಲಾಗಲಿಲ್ಲ. ಪ್ರತಿ ಸಲವೂ ನಾವು "ಪರವಾಗಿಲ್ಲ, ಪರವಾಗಿಲ್ಲ" ಅಂದೆವು. ಅವರ ಮುಖ ಕೆಂಪಾಗುತ್ತಾ ಬಂತು.

ಸರ್ವಿಸ್ ಅವರ ಪಾಳಿಗೆ ಬಂತು. ಒಂದು ಕೈಯಲ್ಲಿ ಚೆಂಡು, ಇನ್ನೊಂದರಲ್ಲಿ ಬ್ಯಾಟು ಇಲ್ಲದೆ ಸರ್ವಿಸ್ ಆಗುವುದಿಲ್ಲ. ನಾನು ಮಾಡುತ್ತೇನೆ ಅಂತ ಕೈ ಚಾಚಿದೆ. ಅವರು ಕೊಡಲಿಲ್ಲ. ಬ್ಯಾಟನ್ನು ತಟ್ಟೆಯಂತೆ ಅಡ್ಡ ಹಿಡಿದು, ಬಗ್ಗಿ, ನೆಲದ ಮೇಲಿದ್ದ ಚೆಂಡನ್ನು ಕಾಲಿನಿಂದ ಅದರ ಮೇಲೆ ಏರಿಸಿಕೊಂಡರು. ಹೊತ್ತು ಹಿಡಿಯಿತು. ನೆಟ್ಟಗಾದರು. ಬ್ಯಾಟಿನಿಂದಲೇ ಚೆಂಡನ್ನು ಮೇಲಕ್ಕೆ ಎಸೆದು, ಇಳಿಯುವಾಗ ಸೊಂಟದ ಕೆಳಗೆ ಹೊಡೆದರು. ಚೆಂಡು ನೆಟ್ ದಾಟಿ, ಬೀಳಬೇಕಾದ ಕಡೆಯೇ ಬಿತ್ತು. ಆ ಕಡೆಯ ಯಾರೂ ಬ್ಯಾಟು ಎತ್ತಲಿಲ್ಲ. ನಾವು ಕೂಗಿದ ಕೂಗಿಗೆ ಶಾಲೆಯ ಕಾಂಪೌಂಡಿನ ಮೇಲಿನ ಪಾರಿವಾಳಗಳು ಎದ್ದವು.

ಕೂಗು ನಿಂತ ಮೇಲೆ ಅಂಗಡಿಯವರ ದನಿ ಕೇಳಿತು.

"ಅದು ಸರ್ವಿಸ್ ಅಲ್ಲ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ಬಾಲು ಎರಡು ಸಲ ಬ್ಯಾಟಿಗೆ ತಾಗೈತೆ. ಸರ್ವಿಸ್ ನಮ್ದು."

"ಥೂ ನಿಮ್ಮ!" ಅಂದರು ಬ್ಯಾಂಕಿನವರು. "ಮನುಷ್ಯರೇನ್ರಿ ನೀವು?" ತಡವಾಗಿ ಬರುವವರು ನೆಟ್ಟಿನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ "ಬಿಪಿ ರೀ, ಬಿಪಿ" ಅಂದರು. ಅಂಗಡಿಯವರು ಮಂಡಿಯವರನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ.

"ತಾಗ್ತೋ ಇಲ್ಲೋ ಹೇಳಲೇ."

ಮಂಡಿಯವರ ಕತ್ತಿನ ನರ ಉಬ್ಬಿತ್ತು. ನಾನು ಅವರ ತೋಳು ಹಿಡಿಯಲು ಹೋದೆ, ಬೀಳುತ್ತಾರೆ ಅಂತ. ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು.

"ಹೌ..." ಅಂದರು. ತಲೆ ಕೊಡವಿದರು. ಬ್ಯಾಟನ್ನು ತೊಡೆಗೆ ಹೊಡೆದುಕೊಂಡರು. "ಅ. ಅಲ್ಲ."

ಗಾಳಿಗೆ ನೆಟ್ಟಿನ ಅಂಚು ಕಂಬಕ್ಕೆ ಬಡಿಯುವುದು ಕೇಳುತ್ತಿತ್ತು.

"ಏನಲ್ಲ?" ಅಂದರು ಅಂಗಡಿಯವರು. "ಎರಡು ಸಲ ತಾಗಿಲ್ವಾ?"

"ಎಸೆದಿದ್ದು... ಕೈ." ಎಡಗೈಯ ಬ್ಯಾಟು ಎತ್ತಿ ತೋರಿಸಿದರು. ಉಸಿರು ಎಳೆದುಕೊಂಡರು. ಒಂದೊಂದು ಮಾತನ್ನೂ ಕಲ್ಲು ಹೊತ್ತು ತಂದು ಇಡುವಂತೆ ಇಟ್ಟರು. "ಹೊಡ್ದಿದ್ದು... ಬ್ಯಾಟು."

"ಎರಡೂ ಒಂದೇ ಅಲ್ವೇನಲೇ?"

"ಅಲ್ಲ!"

ಅಂಕಣದಾಚೆಗೂ ಕೇಳುವಷ್ಟು ಜೋರಾಗಿತ್ತು. ಅದೇ ಹಳೆಯ ಗಂಟಲು. ಅಂಥದ್ದನ್ನು ಕಂಡಾಗ ಚಪ್ಪಾಳೆ ತಟ್ಟಬೇಕು ಅಂತ ಅನ್ನಿಸುವುದಿಲ್ಲ. ಗರ್ಭಗುಡಿಯಲ್ಲಿ ಪರದೆ ಸರಿದಾಗ ನಿಂತ ಹಾಗೆ ನಿಂತಿದ್ದೆ.

ಆವತ್ತೇ ಅವರಿಗೆ ಮಾತೆಲ್ಲ ಬಂದುಬಿಟ್ಟಿತು ಅಂತ ಊರಲ್ಲಿ ಈಗ ಕೆಲವರು ಹೇಳುತ್ತಾರೆ. ಹಾಗಾಗಲಿಲ್ಲ. ಮರುದಿನ ಮತ್ತೆ ಹೌದುಗಳೇ ಹೆಚ್ಚು. ಮಂಡಿಗೆ ಅವರು ಹರಾಜು ಕೂಗಲು ಇನ್ನೂ ಹೋಗಿಲ್ಲ. ಹೋಗುತ್ತಾರೋ ಇಲ್ಲವೋ ನನಗೆ ತಿಳಿಯದು. ಸಿಟ್ಟು ಬರಿಸಿದ್ದು ಸರಿಯೋ ತಪ್ಪೋ, ಅದನ್ನೂ ಹೇಳಲಾರೆ. ಕೆಟ್ಟದ್ದಾಗಬಹುದಿತ್ತು. ನಾನು ಕಂಡದ್ದಿಷ್ಟು: ನಾವೆಲ್ಲ ಕರುಣೆಯಿಂದ ಹೌದು ಹೌದು ಅನ್ನುತ್ತಿದ್ದಾಗ ಸಿಕ್ಕದ ಮಾತು, ಒಬ್ಬರು ಅಲ್ಲ ಅಂದಾಗ ಸಿಕ್ಕಿತು.

ಆವತ್ತು ವಾದ ಅಲ್ಲಿಗೇ ಮುಗಿಯಲಿಲ್ಲ. ಅಂಗಡಿಯವರು ನಮ್ಮನ್ನೇ ಕೇಳಿದರು. ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ ಆದೆವು. ಕೊನೆಗೆ ನಿಯಮದ ಪ್ರಕಾರ ಅಂಗಡಿಯವರದ್ದೇ ಸರಿ ಅನ್ನಿಸಿತು. ಸರ್ವಿಸ್ ಆ ಕಡೆಗೆ ಹೋಯಿತು. ಮಂಡಿಯವರು ಉರಿಗಣ್ಣು ಬಿಡುತ್ತಾ ತಮ್ಮ ಮೂಲೆಗೆ ಹೋಗಿ ಬ್ಯಾಟು ಎತ್ತಿ ನಿಂತರು.

ಆಗಲೇ ಅವರ ಹೆಂಡತಿ ಸ್ಕೂಟಿ ನಿಲ್ಲಿಸಿ ಗೇಟಿನಲ್ಲಿ ನಿಂತಿದ್ದನ್ನು ನಾವು ಕಂಡೆವು. ಯಾವಾಗ ಬಂದರೋ ಗೊತ್ತಿಲ್ಲ. ಆಕೆಯ ಮುಖದಲ್ಲಿ ಹೆದರಿಕೆಯೂ ಇತ್ತು, ಇನ್ನೂ ಏನೋ ಇತ್ತು. "ನಡೀರಿ, ಹೊತ್ತಾತು" ಅಂದರು.

"ತಡಿ" ಅಂದರು ಮಂಡಿಯವರು, ತಿರುಗಿ ನೋಡದೆ.

ಆಕೆ ಒಂದು ಕ್ಷಣ ಕೀಲಿಯನ್ನು ಕೈಯಲ್ಲೇ ಹಿಡಿದು ನಿಂತರು. ಆಮೇಲೆ ಖಾಲಿ ಕುರ್ಚಿಯ ಧೂಳನ್ನು ಸೆರಗಿನಿಂದ ಒರೆಸಿ, ಕೂತರು.