ಮುತ್ತಜ್ಜನ ಹಿರಿಯ ಮಗನ ಹೆಸರು

“ಮೂರು ಜನರೂ ಮೈಕೇಲ್‌ಗಳೇ. ಇವರಲ್ಲಿ ನಮ್ಮವರು ಯಾರು ಅಂತ ಹೇಗೆ ಹೇಳೋದು?” ಎನ್ನುತ್ತ ಬ್ರಯಾನ್ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದರು. ಯೋಕೋಹಾಮಾದ ನಮ್ಮ ಆಫೀಸಿನಲ್ಲಿರುವ ಈ ಅಮೆರಿಕನ್ ಸಹೋದ್ಯೋಗಿಯ ಮುತ್ತಜ್ಜ ಮೈಕೇಲ್ ಐರ್ಲೆಂಡಿನಿಂದ ಬಾಸ್ಟನ್‌ಗೆ ವಲಸೆ ಹೋದವರು. ಅವರು ಹುಟ್ಟಿದ ಊರು ನೋಡಲು ಟಿಕೆಟ್ ತೆಗೆದಾಗಿತ್ತು. ಆದರೆ ಚರ್ಚ್ ದಾಖಲೆಗಳಲ್ಲಿ ಅದೇ ಹೆಸರಿನ ಮೂವರು ಸಿಕ್ಕಿದ್ದರು, ಮೂವರದೂ ಬೇರೆ ಬೇರೆ ಊರು.

ಮುತ್ತಜ್ಜನ ಹಿರಿಯ ಮಗನ ಹೆಸರೇನೆಂದು ಕೇಳಿದೆ. ಕಾರ್ನೀಲಿಯಸ್ ಎಂದರು. ದಾಖಲೆಯಲ್ಲಿದ್ದ ಒಬ್ಬ ಮೈಕೇಲ್‌ನ ತಂದೆಯ ಹೆಸರೂ ಕಾರ್ನೀಲಿಯಸ್.

“ನಮ್ಮಲ್ಲಿ ಹಿರೀ ಮಗನಿಗೆ ತಾತನ ಹೆಸರಿಡ್ತೀವಿ. ನಿಮ್ಮವರೂ ಅದನ್ನೇ ಮಾಡಿದ್ದಾರೆ. ಆ ಊರಿಗೇ ಹೋಗಿ” ಎಂದೆ, ಸ್ವಲ್ಪವೂ ಅಳುಕದೆ.

ಹೋದರು. ಅಲ್ಲಿನ ಒಂದು ಮನೆಯಲ್ಲಿ, ಮೈಕೇಲ್ ಬಾಸ್ಟನ್‌ನಿಂದ ತಂದೆಗೆ ಬರೆದ ಕಾಗದ ಇನ್ನೂ ಇತ್ತಂತೆ.

ನನ್ನ ಮಗನಿಗೆ ಇಟ್ಟಿರುವುದು ಅವನ ತಾತನ, ಅಂದರೆ ನಮ್ಮ ಮಾವನವರ ಹೆಸರು, ರಂಗಸ್ವಾಮಿ. ಅದು ಮುದುಕರ ಹೆಸರೆಂದು ಅವನೇ ಇಲ್ಲಿಯ ಶಾಲೆಯಲ್ಲಿ ರಾನ್ ಆಗಿದ್ದ. ಈ ಸಂಗತಿ ಕೇಳಿ, “ಸೋ, ನನ್ನ ಫೈಂಡ್ ಮಾಡಿದ್ರೆ ತಾತ ಸಿಗ್ತಾರಾ?” ಎಂದ. ಮರುದಿನ ಅವನ ನೋಟ್‌ಬುಕ್ಕಿನ ಮೇಲೆ ರಾನ್ ಇರಲಿಲ್ಲ. ಜಪಾನಿ ಅಕ್ಷರಗಳಲ್ಲಿ ರಂಗಸ್ವಾಮಿಯವರು ಕೂತಿದ್ದರು.