ಗಿಡದಲ್ಲೇ ಬಿಟ್ಟ ಚೆಂಡು ಹೂವು

ಚೌಡಾಪುರದಲ್ಲಿ ಪಾಲಿಗೆ ತೋಟ ಮಾಡುತ್ತಿದ್ದ ಬಾಗವಾನರ ಮದೀನಾಬಿಗೆ ಬಾಯಿ ಜೋರು ಎಂದು ಊರವರು ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ತೋಟದಲ್ಲಿ ಅವಳಷ್ಟು ಸುಮ್ಮನೆ ಕೂತು ನೋಡುವವರೂ ಇರಲಿಲ್ಲ. ಟೊಮೆಟೊ ಕೊರೆಯುವ ಹಸಿರು ಹುಳಕ್ಕೆ ಚೆಂಡು ಹೂವಿನ ಮೊಗ್ಗು ಕಂಡರೆ ಆಸೆ, ಹೂವು ಸಿಕ್ಕರೆ ಅದು ಕಾಯಿಯ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

೧೯೮೬ರ ಮಳೆಗಾಲದಲ್ಲಿ ಅದನ್ನೇ ನಂಬಿ ಕೂರುವ ಹೊತ್ತು ಬಂತು. ಹಿಂದಿನ ವರ್ಷ ಗಂಡ ಚಾಂದಪಾಶಾ ಬೆನ್ನಿಗೆ ಪಂಪು ಕಟ್ಟಿಕೊಂಡು ಹುಳಕ್ಕೆ ವಿಷದ ಎಣ್ಣೆ ಹೊಡೆಯುತ್ತಿದ್ದವನು ಸಾಲಿನ ನಡುವೆಯೇ ಬಿದ್ದಿದ್ದ. ಬಾಯಲ್ಲಿ ನೊರೆ. ಇನ್ನೊಮ್ಮೆ ಈ ವಿಷ ಮೈಗೇರಿದರೆ ಜೀವ ಉಳಿಯುವುದಿಲ್ಲ ಎಂದು ಗುಲಬರ್ಗಾದ ಡಾಕ್ಟರು ಹೇಳಿ ಕಳಿಸಿದ್ದರು. ಚಾಂದಪಾಶಾ ಊರಲ್ಲಿ ಮಾತ್ರ ಬಿಸಿಲು ಬಡಿದಿತ್ತು ಎಂದು ಸಾರಿಕೊಂಡ. ಕೈಲಾಗದವನಿಗೆ ಪಾಲಿಗೆ ತೋಟ ಯಾರು ಕೊಡುತ್ತಾರೆ?

ಮದೀನಾಬಿ ಆ ಒಂದು ವಿಷಯಕ್ಕೆ ಬಾಯಿ ಮುಚ್ಚಿಕೊಂಡಳು. ಟೊಮೆಟೊ ಸಾಲುಗಳ ನಡುನಡುವೆ ಚೆಂಡು ಹೂವು ಹಚ್ಚಿದಳು. ಬದನೆಗೂ ಹುಳ ಬಾರದಿರಲಿ ಎಂದು ಮಡಿಗಳ ಅಂಚಿಗೆ ಸಬ್ಬಸಿಗೆ, ಕೊತ್ತಂಬರಿ ಬೀಜ ಚೆಲ್ಲಿದಳು. ದಿನಾ ಮುಂಜಾನೆ ಗಿಡದಲ್ಲೇ ಹೂವಿನ ಎಸಳು ಸರಿಸಿ ನೋಡಿ, ಕಂಡ ಹುಳವನ್ನು ಬೆರಳಲ್ಲೇ ಹಿಸುಕುವಳು.

ದೀಪಾವಳಿ ಬಂತು. ತೋಟದಲ್ಲಿ ಯಾವ ಹೂವೇ ಬಿಡಲಿ, ಹಬ್ಬಕ್ಕೆ ಬುಟ್ಟಿ ತುಂಬಿ ಒಡೆಯರ ಮನೆಗೆ ಹೋಗಬೇಕು. ತೋಟದ ಒಡತಿ ಸುಭದ್ರಾಬಾಯಿ ಹೇಳಿ ಕಳಿಸಿದರು. ಟೊಮೆಟೊ ಇನ್ನೂ ಹೀಚು. ಹೂವು ಖಾಲಿಯಾದರೆ ಹುಳ ಕಾಯಿಗೆ ಇಳಿಯುತ್ತದೆ, ಕಾಯಿಗೆ ಇಳಿದರೆ ಪಂಪು ಗಂಡನ ಬೆನ್ನೇರುತ್ತದೆ. ಮದೀನಾಬಿ ಬರಿಗೈಯಲ್ಲಿ ಒಡತಿಯ ಬಾಗಿಲಿಗೆ ಹೋಗಿ ನಿಂತಳು. ಚಾಂದಪಾಶಾನೂ ಹಿಂದೆಯೇ ಬಂದ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು.

“ಹೂವು ಎಲ್ಲಿ ಬೇ?” ಎಂದರು ಸುಭದ್ರಾಬಾಯಿ.

“ಈ ಸಲ ಹರಿಯಂಗಿಲ್ರಿ, ಅವ್ವಾರ.”

“ಲಕ್ಷ್ಮಿಗೆ ಹೂವು ಕೊಡಂಗಿಲ್ಲ ಅಂತೀಯೇನು?”

ಚಾಂದಪಾಶಾ ಗಾಬರಿಯಾಗಿ ಮುಂದೆ ಬಂದ. “ಅಕಿ ಮಾತು ಬಿಡ್ರಿ. ಈಗ ಹರಕೊಂಡು ಬರ್ತೇನಿ. ಹುಳ ಕಾಯಿಗೆ ಬಿದ್ರ ಎಣ್ಣಿ ಹೊಡಿಯಾಕ ನಾ ಅದೇನಿ.”

“ಇವರು ಎಣ್ಣಿ ಹೊಡದ್ರ ಸಾಯ್ತಾರ್ರಿ!” ಎಂದು ಮದೀನಾಬಿ ಕೂಗಿಬಿಟ್ಟಳು. “ಹ್ವಾದ ವರ್ಷ ಬಿಸಲು ಬಡದಿದ್ದಿಲ್ರಿ, ವಿಷ ಏರಿತ್ತು. ಇವರ ಕೈಲೆ ಆಗಂಗಿಲ್ರಿ. ಬೇಕಾದ್ರ ತ್ವಾಟ ಬಿಡಸ್ರಿ.”

ಕಟ್ಟೆಯ ಮೇಲಿನವರೆಲ್ಲ ಚಾಂದಪಾಶಾನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿದ. ಸುಭದ್ರಾಬಾಯಿ, “ಗಾಣಗಾಪುರದಾಗ ಹೂವಿಗೇನು ಬರ ಐತೇನು? ತರಸ್ತೇನಿ. ಹೋಗ್ರಿ, ತ್ವಾಟ ನೋಡ್ಕೋರಿ,” ಎಂದರು.

ತೋಟ ಉಳಿಯಿತು. ಗಂಡ ಮಾತು ಬಿಟ್ಟ. ರೊಟ್ಟಿ ಹಾಕಿದರೆ ತಿನ್ನುವನು, ಮಡಿಗೆ ನೀರು ಹಾಯಿಸುವನು, ಅವಳ ಮುಖ ಮಾತ್ರ ನೋಡನು. ಮದೀನಾಬಿಗೆ ಸಿಟ್ಟೂ ಬಂತು, ಅಳುವೂ ಬಂತು. ನಾಲ್ಕು ಜನರೆದುರು ಅವನ ಮಾನ ಕಳೆದವಳು ತಾನೇ ಎಂಬುದೂ ಅವಳಿಗೆ ಗೊತ್ತಿತ್ತು.

ಮೂರು ವಾರ ಹೀಗೇ ಕಳೆಯಿತು. ಮೊದಲ ಸಲ ಹಣ್ಣು ಬಿಡಿಸಿದ ದಿನ ಬುಟ್ಟಿಯಲ್ಲಿ ತೂತು ಬಿದ್ದದ್ದು ಹುಡುಕಿದರೆ ಒಂದೋ ಎರಡೋ. ಚಾಂದಪಾಶಾ ಒಂದು ಹಣ್ಣನ್ನು ಎತ್ತಿ ತಿರುಗಿಸಿ ನೋಡಿ ಮತ್ತೆ ಇಟ್ಟ.

“ಮಾತಾಡಬ್ಯಾಡ್ರಿ,” ಎಂದಳು ಮದೀನಾಬಿ. “ನೀವು ಉಸಿರಾಡಾಕತ್ತೀರಿ, ನನಗ ಅಷ್ಟ ಸಾಕು.”