ನೆರಳಿನ ಸೀಟಿನಿಂದ ಕಂಡ ಸೂರ್ಯ

ಕೂಸನ್ನು ಮಲಗಿಸಲು ಕೂತರೆ ಸಾಕು, ಯಾರಾದರೊಬ್ಬರು ನಡುವೆ ಬಾಯಿ ಹಾಕುತ್ತಾರೆ. ಮಸ್ಕಿಯಿಂದ ಸಿಂಧನೂರಿಗೆ ಹೊರಟ ಬಸ್ಸಿನಲ್ಲೂ ಅದೇ ಆಯಿತು. ಬಿಸಿಲು ಕೂಸಿನ ಮುಖಕ್ಕೇ ಹೊಡೆಯುತ್ತಿತ್ತು. ಕಿಟಕಿಯಿಂದ ಟವೆಲ್ ಎಸೆದು ಆಚೆ ಬದಿಯ ನೆರಳಿನ ಸೀಟು ಹಿಡಿದಿದ್ದ ಮಾಸ್ತರರು ಪೇಪರ್ ಮಡಚಿ ಶುರು ಮಾಡಿದರು.

"ಕೇಳವ್ವಾ, ನಮ್ಮ ಸೂರ್ಯನಂಥಾದ್ದೇ ಇನ್ನೊಂದು ನಕ್ಷತ್ರ ಐತಂತ. ಅಷ್ಟೇ ದೊಡ್ಡದು, ಅಷ್ಟೇ ಕಾವು, ಬಣ್ಣಾನೂ ಅದೇ. ಅದರ ಬೆಳಕು ಇಲ್ಲಿಗೆ ಮುಟ್ಟಾಕ ವರ್ಷಗಟ್ಟಲೆ ಬೇಕು."

"ಅಷ್ಟು ದೂರದ ಕಾವು ತಿಳಿದೈತಿ, ಇಲ್ಲೀದು ತಿಳಿವಲ್ದೇನ್ರೀ? ಸೀಟು ಬದಲಿ ಮಾಡ್ರಿ, ಕೂಸು ಬೇಯಾಕತ್ತೈತಿ."

"ನನಗ ಬಿಸಿಲು ಆಗಂಗಿಲ್ಲವ್ವಾ" ಎಂದು ಅವರು ಪೇಪರ್ ಮತ್ತೆ ಬಿಡಿಸಿ ಅದರ ಹಿಂದೆ ಮುಖ ಮುಚ್ಚಿಕೊಂಡರು.

ನಾನು ಸೆರಗು ಅಡ್ಡ ಹಿಡಿದೆ. ಪಕ್ಕದಲ್ಲಿ ಕೂತಿದ್ದ ದೊಡ್ಡ ಮಗಳು ಕೇಳಿದಳು: "ಅವ್ವಾ, ಆ ಸೂರ್ಯನ ಕೆಳಗೂ ಬಸ್ಸಿದ್ರ, ಅಲ್ಲೀ ಮಾಸ್ತರು ಸೀಟು ಬಿಟ್ಟು ಏಳ್ತಾರೇನು?"